ಚಿಕ್ಕಪ್ಪನ ವೈನ್ ಉಸಿರಾಡುವವರೆಗೆ

ನಿಮಗೆ ನಿಜವಾಗಿ ಬೇಕಾದುದೇನೆಂದು ಉಡುಗೊರೆ ತರುವವರಿಗೆ ಎದುರಿಗೇ ಹೇಳುವ ಧೈರ್ಯ ನಿಮಗಿದೆಯೇ? ನನಗಂತೂ ಇಲ್ಲ. "ಅಯ್ಯೋ, ಏನೂ ಬೇಡ" ಎಂಬ ಸುಳ್ಳಿಗೆ ಸೌಜನ್ಯವೆಂದು ಹೆಸರಿಟ್ಟು ನಾವೆಲ್ಲ ಬೇಡದ ವಸ್ತುಗಳನ್ನು ಅಟ್ಟದ ತುಂಬ ಪೇರಿಸಿಕೊಂಡಿದ್ದೇವೆ. ಈ ಕೆಟ್ಟ ಪದ್ಧತಿಯ ವಿರುದ್ಧ ನಮ್ಮ ವಂಶದಲ್ಲಿ ಬಂಡೆದ್ದ ಏಕೈಕ ವೀರರು ನನ್ನ ಚಿಕ್ಕಪ್ಪ. ಈರುಳ್ಳಿಯೂ ಹಿತ್ತಿಲ ಬಾಗಿಲಿನಿಂದಲೇ ಒಳಬರಬೇಕಾದ ವೈಷ್ಣವ ಮನೆತನದಲ್ಲಿ ಅವರು ಬಹಿರಂಗವಾಗಿ ಕೇಳಿದ್ದು ವೈನ್!

ರೈಲ್ವೆಯಿಂದ ನಿವೃತ್ತರಾದ ಅವರು ತಾಂಬರಂನಲ್ಲಿ ಒಬ್ಬರೇ ಇದ್ದಾರೆ. ಚಿಕ್ಕಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಹುಟ್ಟುಹಬ್ಬಕ್ಕೆ ಬಂಧುಗಳೆಲ್ಲ ಸಾಲಾಗಿ ಬಂದು ಶಾಲು ಹೊದಿಸಿದರು. ಚೆನ್ನೈಯ ಮೇ ತಿಂಗಳಲ್ಲಿ ಶಾಲು! ಹೊದಿಸಿದವರು ಬೆವರೊರೆಸಿಕೊಳ್ಳುತ್ತ ಕೂಡಲೇ ಹೊರಟೂ ಹೋದರು. ಉಳಿದು ಶಾಲು ಮಡಿಸುತ್ತಿದ್ದ ನನ್ನೆದುರು ಚಿಕ್ಕಪ್ಪ ಶಾಸನ ಹೊರಡಿಸಿದರು: "ಇನ್ಮೇಲೆ ನಂಗೆ ತರೋದಾದ್ರೆ ವೈನ್ ತರ್ಲಿ. ಎಂಥದ್ದು ಅಂತ ಮೊದ್ಲು ಫೋನ್ ಮಾಡಿ ಕೇಳ್ಲಿ."

ಕೇಳಿದವರ ಪಾಡನ್ನು ಏನೆಂದು ಬಣ್ಣಿಸಲಿ! "ಕೆಂಪು. ಬೀಟ್‌ರೂಟಿನ ಕೆಂಪಲ್ಲ, ನೇರಳೆಹಣ್ಣು ತಿಂದ ನಾಲಿಗೆ ಇರತ್ತಲ್ಲ, ಅದು. ಗೊಜ್ಜಿಗೆ ಬೆಲ್ಲ ಹಾಕೋ ಮುಂಚಿನ ಹುಳಿ. ಕೊನೇಲಿ ಲವಂಗ ಬಂದ ಹಾಗೆ ಆಗ್ಬೇಕು, ಆದ್ರೆ ಬರ್ಬಾರ್ದು."

ಕಾಲೇಜಿಗೆ ಹೋಗುವ ನನ್ನ ಮಗಳು ಸೋತು, "ತಾತಾ, ರೆಡ್ಡಾ ವೈಟಾ? ಅದು ಮಟ್ಟುಂ ಸೊಲ್ಲುಂಗೋ" ಎಂದು, ಅಷ್ಟು ಮಾತ್ರ ಹೇಳಿದರೆ ಸಾಕೆಂದು, ತಮಿಳಿನಲ್ಲಿ ಬೇಡಿಕೊಂಡಳು.

"ಒಂದೇ ಮಾತಲ್ಲಿ ಹೇಳೋಕೆ ಇದೇನು ಸಿಗ್ನಲ್ಲಾ ಮಗೂ?"

ಪುರಸೈವಾಕ್ಕಂನ ನನ್ನ ಸೋದರತ್ತೆ, ಎಂದರೆ ಚಿಕ್ಕಪ್ಪನ ಅಕ್ಕ, ಇದೇ ವರ್ಣನೆಯನ್ನು ಶ್ರದ್ಧೆಯಿಂದ ಆಲಿಸಿ, ಎಲ್ಲ ಲಕ್ಷಣಗಳೂ ಕೂಡಿದ ಸೀಸೆಯೊಂದನ್ನು ಜವಳಿ ಅಂಗಡಿಯ ಚೀಲದಲ್ಲಿ ತಂದರು. ಆಯುರ್ವೇದದ ದ್ರಾಕ್ಷಾರಿಷ್ಟ!

"ಅಕ್ಕಾ, ಇದು ಔಷಧಿ!"

"ಇರ್ಲಿ. ದ್ರಾಕ್ಷಿ ಇದೆ, ಹುಳಿ ಇದೆ, ಲವಂಗ ಇದೆ. ನೀ ಹೇಳಿದ್ರಲ್ಲಿ ಏನು ಕಮ್ಮಿ? ಊಟ ಆದ್ಮೇಲೆ ಎರಡು ಚಮಚ, ಸಮಪಾಲು ನೀರು. ಮಡಿಗೂ ಅಡ್ಡಿಯಿಲ್ಲ!"

ನ್ಯಾಯವಾಗಿ ನೋಡಿದರೆ ಅತ್ತೆಯ ವಾದದಲ್ಲಿ ಲೋಪವೆಲ್ಲಿದೆ? ಚಿಕ್ಕಪ್ಪ ಕುರ್ಚಿ ಎಳೆದು ಹಾಕುವಷ್ಟರಲ್ಲಿ ಅತ್ತೆ, "ಎಲೆಕ್ಟ್ರಿಕ್ ಟ್ರೇನು ತಪ್ಪತ್ತಪ್ಪಾ" ಎಂದು ಮೆಟ್ಟಿಲಿಳಿದಿದ್ದರು.

ಸರಿಯಾದ ಸೀಸೆ ತಂದವರೂ ಗೆದ್ದಂತಾಗಲಿಲ್ಲ. ಚಿಕ್ಕಪ್ಪನ ಕೊನೆಯ ನಿಬಂಧನೆ ಎಲ್ಲಕ್ಕಿಂತ ಕಠಿಣವಾಗಿತ್ತು. ಬಿರಟೆ ತೆಗೆದ ಮೇಲೆ, ರುಚಿ ಕೂಡಿಬರಲೆಂದು, ವೈನ್ ಒಂದು ಗಂಟೆ ಗಾಳಿಗೆ ಉಸಿರಾಡಬೇಕು. ಅಷ್ಟು ಹೊತ್ತು ತಂದವರು ಎದುರಿಗೆ ಕುಳಿತಿರಬೇಕು! ಒಬ್ಬರಿಗೆ ಟ್ರೇನು, ಒಬ್ಬರಿಗೆ ಮದುವೆ ಮನೆ, ಇನ್ನೊಬ್ಬರ ಕ್ಯಾಬು ಕೆಳಗೆ ಕಾಯುತ್ತಿತ್ತು. ಅವರು ಹೋದ ಮೇಲೆ ಚಿಕ್ಕಪ್ಪ ಸೀಸೆಯನ್ನು ತೆರೆಯದೆ ಬೀರುವಿಗೆ ಸೇರಿಸುತ್ತಿದ್ದರು. ಮುಂದಿನ ಫೋನಿನಲ್ಲಿ ಬೇಡಿಕೆ ಬೆಳೆಯುತ್ತಿತ್ತು: "ಈ ಸಲ ಒಂದೂವರೆ ಗಂಟೆ ಉಸಿರಾಡೋ ಅಂಥದ್ದು ಸಿಗತ್ತಾ, ನೋಡು."

ಈ ವರ್ಷ ನಾನೇ ಒಂದು ಸೀಸೆ ಒಯ್ದೆ. ಮದ್ಯವನ್ನು ನಾನು ಮುಟ್ಟುವವನಲ್ಲ. ಆದರೆ ಕುಳಿತುಕೊಳ್ಳುವುದಕ್ಕೆ ಯಾವ ವ್ರತವೂ ಅಡ್ಡಬರುವುದಿಲ್ಲ. ಬಿರಟೆ ತೆಗೆದೆವು. ಚಿಕ್ಕಪ್ಪ ಚಿಕ್ಕಮ್ಮನ ಮಾತೆತ್ತಿದರು. ಇವರು ಡ್ಯೂಟಿ ಮುಗಿಸಿ ಎಷ್ಟು ಹೊತ್ತಿಗೆ ಬಂದರೂ, ಚಿಕ್ಕಮ್ಮ ತಾನು ಉಂಡಿದ್ದರೂ, ಇವರ ಊಟ ಮುಗಿಯುವವರೆಗೆ ಎದುರಿಗೆ ಕುಳಿತು ಸುಮ್ಮನೆ ಜಗಳವಾಡುತ್ತಿದ್ದರಂತೆ. ಗಂಟೆ ತುಂಬಿದ ಮೇಲೆ ಚಿಕ್ಕಪ್ಪ ಸ್ಟೀಲ್ ಲೋಟಕ್ಕೆ ಸ್ವಲ್ಪ ಬಗ್ಗಿಸಿ, ಒಂದು ಗುಟುಕು ಕುಡಿದು, ಹರಳೆಣ್ಣೆ ಕುಡಿದ ಮಗುವಿನಂತೆ ಮುಖ ಕಿವುಚಿದರು.

"ಥೂ! ಇದನ್ನ ಜನ ದುಡ್ಡು ಕೊಟ್ಟು ಕುಡೀತಾರೇನೋ?"

"ಚಿಕ್ಕಪ್ಪಾ! ಇಷ್ಟು ದಿನ ನೀವು ರುಚೀನೇ ನೋಡಿಲ್ವಾ?"

"ಹೇಳಿದ್ದೆಲ್ಲ ಪೇಪರಲ್ಲಿ ಓದಿದ್ದು ಕಣೋ. ಯಾರಾದ್ರೂ ಕೂತಿದ್ರೆ ತಾನೇ ಕುಡಿಯೋದು?"

ನಾನು ಲೋಟ ತೊಳೆಯಲು ಎದ್ದೆ. ಹೊರಟೆನೆಂದು ತಿಳಿದರೋ ಏನೋ, ಅವರು ಸೀಸೆಯನ್ನು ನನ್ನ ಕಡೆಗೆ ಸರಿಸಿದರು.

"ಇನ್ನೊಂಚೂರು ಇರು. ಅದಿನ್ನೂ ಸರಿಯಾಗಿ ಉಸಿರಾಡಿದ ಹಾಗಿಲ್ಲ."

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಒಬ್ಬರೇ ಇರುವ ಹಿರಿಯರಿಗೆ ಏನನ್ನಾದರೂ ಒಯ್ದರೆ, ಕೈಗಿತ್ತು ಬಾಗಿಲಿನಿಂದಲೇ ಮರಳಬೇಡಿ. ಒಳಗೆ ಹೋಗಿ ಕುಳಿತುಕೊಳ್ಳಿ.