ಬೋರಯ್ಯನವರ ಅರೆ ಮರಣ ಪ್ರಮಾಣಪತ್ರ

ಹೊಂಗೆಕೆರೆ ನಾಡಕಚೇರಿಯ ವ್ಯಾಪ್ತಿಗೆ ಬರುವ ಹತ್ತೊಂಬತ್ತು ಹಳ್ಳಿಗಳಲ್ಲಿ 2006ನೇ ಇಸವಿಯ ಆಗಸ್ಟ್ ತಿಂಗಳಿಂದ ಈಚೆಗೆ ಯಾರೊಬ್ಬರೂ ಪೂರ್ತಿಯಾಗಿ ಸತ್ತಿಲ್ಲ. ಇದು ದಾಖಲೆಯಲ್ಲಿರುವ ವಿಷಯ. ದಾಖಲೆ ಬರೆದವನು ನಾನೇ, ಸದರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಮೋಹನ್ ಕುಮಾರ್. ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿದೆ, ಒಂದು ಕಡತ ಕಳೆದವನಲ್ಲ. ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ನಮ್ಮ ಕಚೇರಿ ಬಗ್ಗೆ ಏನೇನೋ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮಗೆ ಒಂದು ಕಂಪ್ಯೂಟರ್ ಬಂತು. ಅದರ ಹಿಂದೆಯೇ ಸುತ್ತೋಲೆ ಬಂತು: "ಇನ್ನು ಮುಂದೆ ಗಣಕಯಂತ್ರದಲ್ಲಿ ಇರುವುದೇ ನಿಜ. ಕೈಬರಹದ ದಾಖಲೆಗೂ ಗಣಕಯಂತ್ರಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಕೈಬರಹದ್ದನ್ನು ತಿರಸ್ಕರಿಸತಕ್ಕದ್ದು." ಸುತ್ತೋಲೆ ಕೈಬರಹದಲ್ಲಿತ್ತು, ಆದರೂ ಪಾಲಿಸಿದೆವು. ಕಂಪ್ಯೂಟರ್ ನಡೆಸಲು ವನಜಾಕ್ಷಿ ಎಂಬ ಆಪರೇಟರು ಗುತ್ತಿಗೆ ಮೇಲೆ ನೇಮಕವಾಗಿ ದಿನಾ ತಿಪಟೂರಿನಿಂದ ಬಸ್ಸಿನಲ್ಲಿ ಬರತೊಡಗಿದರು. ಪಹಣಿ ತೆಗೆಯುವ ಸಿ.ಡಿ. ಮಾತ್ರ ಮೇಲಿನಿಂದ ಬಂದಿರಲಿಲ್ಲ. ಯಂತ್ರವನ್ನು ಸುಮ್ಮನೆ ಬಿಟ್ಟರೆ ಕೆಟ್ಟುಹೋಗುತ್ತದೆ ಎಂದು ವನಜಾಕ್ಷಿ ತಮ್ಮ ಅಣ್ಣನ ಬಳಿ ಇದ್ದ ಒಂದು ವಿಡಿಯೋ ಗೇಮ್ ತಂದು ಹಾಕಿದರು. ಅದರ ಹೆಸರು ಇಂಗ್ಲಿಷಿನಲ್ಲಿದ್ದುದರಿಂದ ಕಡತದಲ್ಲಿ "ಸದರಿ ಆಟ" ಎಂದೇ ನಮೂದಿಸಿದ್ದೇನೆ.

ಸದರಿ ಆಟದ ಪುರಾಣ ಹೀಗಿದೆ. ಇಸವಿ 3107. ಭೂಮಿ ಹಾಳಾಗಿದೆ. ಮನುಷ್ಯರೆಲ್ಲ ಶನಿಗ್ರಹದ ಆಚೆ ಒಂದು ನಿಲ್ದಾಣದಲ್ಲಿದ್ದಾರೆ. ಒಬ್ಬನ ದೇಹ ಹೋದರೆ ಅವನ ಮನಸ್ಸನ್ನು ಯಂತ್ರವೊಂದು ಎಳೆದು ಗಾಜಿನ ಕೊಳವೆಯಲ್ಲಿ ಇಡುತ್ತದೆ, ಆಮೇಲೆ ಕಾರ್ಖಾನೆಯಲ್ಲಿ ಮಾಡಿದ ಹೊಸ ದೇಹಕ್ಕೆ ತುಂಬುತ್ತದೆ. ಹಾಗೆ ಎದ್ದುಬಂದವನು ಅದೇ ಮನುಷ್ಯನೋ, ಅವನ ನಕಲೋ ಎಂದು ಅಲ್ಲಿಯ ಪಂಡಿತರು ಎರಡು ಪಂಗಡವಾಗಿ ಮುನ್ನೂರು ವರ್ಷದಿಂದ ಹೊಡೆದಾಡುತ್ತಿದ್ದಾರೆ. ನನಗೆ ಅಯ್ಯೋ ಅನ್ನಿಸಿತು. ಒಂದು ಅರ್ಜಿ ಬರೆದು ನಮ್ಮ ಕಚೇರಿಗೆ ಕೊಟ್ಟಿದ್ದರೆ "ಮೂಲದೊಂದಿಗೆ ತಾಳೆ ನೋಡಲಾಗಿದೆ" ಅಂತ ಒಂದು ಸೀಲು ಹೊಡೆದು ಕಳಿಸುತ್ತಿದ್ದೆವು, ಅಷ್ಟು ರಕ್ತ ಹರಿಯುತ್ತಿರಲಿಲ್ಲ.

ಕೋಡಿಪಾಳ್ಯದ ಬೋರಯ್ಯನವರು ಆಗ ನಮ್ಮ ಕಚೇರಿಯ ಬೆಂಚಿನ ಮೇಲೆ ಹದಿನಾಲ್ಕನೇ ತಿಂಗಳು ಕೂತಿದ್ದರು. ಅವರ ಪಹಣಿಯಲ್ಲಿ ತೆಂಗು ಅಂತ ಇರಬೇಕಾದ ಕಡೆ ಹುರುಳಿ ಅಂತ ಬಿದ್ದಿತ್ತು. ಎಂಬತ್ತು ತೆಂಗಿನಮರ ಇಟ್ಟುಕೊಂಡ ಮನುಷ್ಯ, ಹುರುಳಿ ಬೆಳೆಗಾರ ಅಂತ ಕರೆಸಿಕೊಂಡು ನೊಂದಿದ್ದರು. ಬೆಂಚು ಕಂಪ್ಯೂಟರಿನ ಪಕ್ಕದಲ್ಲೇ ಇದ್ದುದರಿಂದ ದಿನಾ ಆಟ ನೋಡಿ ನೋಡಿ ಆಸೆ ಹುಟ್ಟಿತು. "ನಾನೂ ಒಂದ್ ಕೈ ನೋಡ್ಲೇನವ್ವ?" ಅಂದರು. ವನಜಾಕ್ಷಿ ಅವರ ಹೆಸರು ಹಾಕಿಕೊಟ್ಟರು. ಶುರುವಿನಲ್ಲೇ ಆಟ ಕೇಳಿತು: "ನಿಮ್ಮ ಮನಸ್ಸನ್ನು ಈ ಯಂತ್ರಕ್ಕೆ ಒಪ್ಪಿಸಲು ಸಮ್ಮತಿಯೇ?"

"ಒಪ್ಪಿಗೆ ಕೇಳ್ತಾ ಐತೆ ಬೋರಯ್ಯನೋರೇ," ಅಂದರು ವನಜಾಕ್ಷಿ.

ಸರ್ಕಾರಿ ಕಚೇರಿಯಲ್ಲಿ ಒಪ್ಪಿಗೆ ಕೊಡುವ ಕ್ರಮ ಬೋರಯ್ಯನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಬಂದು ನನ್ನ ಮೇಜಿನ ಮೇಲಿನ ಇಂಕ್ ಪ್ಯಾಡಿಗೆ ಎಡಗೈ ಹೆಬ್ಬೆಟ್ಟು ಅದ್ದಿ, ಹೋಗಿ ಪರದೆಯ ಗಾಜಿನ ಮೇಲೆ ಒತ್ತಿದರು. ವನಜಾಕ್ಷಿ ಒರೆಸಲು ಹೋದರು. ನಾನು ಬಿಡಲಿಲ್ಲ. ದಾಖಲೆಯ ಮೇಲಿನ ಹೆಬ್ಬೆಟ್ಟಿನ ಗುರುತು ಅಳಿಸುವುದು ಅಪರಾಧ.

ಆರು ತಿಂಗಳು ಅವರು ಆಡಿದರು. ಆಗಸ್ಟಿನ ಒಂದು ಗುರುವಾರ ಆಟದೊಳಗಿನ ಬೋರಯ್ಯನಿಗೆ ಒಂದು ರೋಬೋ ಗುಂಡು ಹೊಡೆಯಿತು. ಪರದೆಯ ಮೇಲೆ ಬಂತು: "ಬೋರಯ್ಯ. ದೇಹ ನಾಶವಾಗಿದೆ. ಮನಸ್ಸು ಸುರಕ್ಷಿತವಾಗಿದೆ. ಹೊಸ ದೇಹ ಬೇಕೆ? ಹೌದು, ಇಲ್ಲ." ಐದು ಗಂಟೆ ಬಸ್ಸಿಗೆ ಹೊತ್ತಾಗಿತ್ತು. "ನಾಳೀಕೆ ಬಂದು ನೋಡ್ಕತೀನಿ ಬುಡವ್ವ," ಅಂದು ಹೊರಟರು. ವನಜಾಕ್ಷಿ ಅದನ್ನು ಹಾಗೇ ಸೇವ್ ಮಾಡಿದರು. ಮಾರನೆ ದಿನ ಬೆಳಗ್ಗೆ ತೋಟದಲ್ಲಿ ನೀರು ಕಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಒಳ್ಳೆಯ ಮನುಷ್ಯ, ಇಪ್ಪತ್ತು ತಿಂಗಳು ಓಡಾಡಿದರೂ ಒಂದು ದಿನ ದನಿ ಎತ್ತಿ ಮಾತಾಡಿದವರಲ್ಲ. ನನಗೂ ಬೇಜಾರಾಯಿತು.

ತಿಥಿ ಮುಗಿಸಿ ಅವರ ಹೆಂಡತಿ ಚಿಕ್ಕಗೌರಮ್ಮ ಬಂದರು. ಕೈಯಲ್ಲಿ ಗ್ರಾಮ ಲೆಕ್ಕಿಗರು ಬರೆದುಕೊಟ್ಟ ವರದಿ ಇತ್ತು. ನಮ್ಮ ಉಪ ತಹಶೀಲ್ದಾರ್ ಬಸವರಾಜಪ್ಪನವರ ಮುಂದೆ ನಿಂತರು.

"ನಮ್ಮನೆಯೋರು ತೀರ್ಕೊಂಡ್ರು ಸಾಮಿ. ಸತ್ತ ಸರ್ಟಿಫಿಕೇಟ್ ಒಂದು ಕೊಟ್ಬುಟ್ರೆ ತೋಟಾನ ನನ್ನೆಸ್ರಿಗೆ ಪೌತಿ ಖಾತೆ ಮಾಡಿಸ್ಕತೀನಿ. ಮಕ್ಕಳಿಲ್ಲ ಮರಿಯಿಲ್ಲ, ನಂಗಿರೋದು ಅದೊಂದೇಯ. ತಡ ಆದ್ರೆ ನಮ್ ಮೈದ ಲಕ್ಕಯ್ಯ ಬಾಯಿಗ್ ಹಾಕ್ಕತಾನೆ."

ಸಾಹೇಬರು ವರದಿ ಓದಿದರು, ಕಂಪ್ಯೂಟರ್ ಹಾಕಿಸಿದರು, ಕನ್ನಡಕ ಏರಿಸಿ ಪರದೆ ನೋಡಿದರು.

"ನೋಡಮ್ಮ, ಇದು ಕೈಬರಹ. ಕಂಪ್ಯೂಟ್ರಲ್ಲಿ ಮನಸ್ಸು ಸುರಕ್ಷಿತ ಅಂತ ಐತೆ."

"ಅದು ಆಟ ಅಲ್ವಾ ಸಾಮಿ?"

"ಸರ್ಕಾರಿ ಕಂಪ್ಯೂಟ್ರು ಆಟ ಆಡ್ತದಾ? ಹೆಬ್ಬೆಟ್ಟು ಅವರದೇ ಅಲ್ವಾ, ನೋಡು."

ಚಿಕ್ಕಗೌರಮ್ಮ ಗಾಜಿನ ಮೇಲಿನ ಆ ನೀಲಿ ಗುರುತನ್ನು ಬಹಳ ಹೊತ್ತು ನೋಡಿದರು. ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಅವ್ರದೇಯ," ಅಂದರು.

ಈ ಹೇಳಿಕೆಯನ್ನು ನಾನು ತಕ್ಷಣ ದಾಖಲಿಸಿಕೊಂಡೆ. ಮುಂದಿನ ಪ್ರಶ್ನೆ, ಒಳಗಿರುವುದು ಬೋರಯ್ಯನವರೋ ಅವರ ನಕಲೋ ಎಂಬುದು. ನಕಲು ಅಂತ ಸೀಲು ಹೊಡೆಯಲು ನಾನು ತಯಾರಾಗಿಯೇ ಇದ್ದೆ. ಆದರೆ ನಿಯಮದ ಪ್ರಕಾರ ತಾಳೆ ನೋಡಲು ಮೂಲಪ್ರತಿ ಎದುರಿಗಿರಬೇಕು. "ಮೂಲ ಬೋರಯ್ಯನವರನ್ನು ಏಳು ದಿನದೊಳಗೆ ಹಾಜರುಪಡಿಸತಕ್ಕದ್ದು" ಎಂದು ಆಕೆಗೆ ನೋಟಿಸು ಕೊಟ್ಟೆವು.

"ಮಣ್ಣಿಗಿಟ್ಟು ಬಂದಿದೀವಲ್ಲ ಸಾಮಿ!" ಅಂತ ಕೂಗಿದರು.

"ಮೂಲ ದಾಖಲೆ ಜೋಪಾನವಾಗಿ ಇಟ್ಕೊಳ್ಳೋದು ಅರ್ಜಿದಾರರ ಜವಾಬ್ದಾರಿ," ಎಂದು ಸಾಹೇಬರು ಬೇಸರದಿಂದ ಹೇಳಿದರು.

ಹಾಗಂತ ನಾವೇನು ಕಲ್ಲುಹೃದಯದವರಲ್ಲ. "ಇಲ್ಲ" ಎಂಬುದನ್ನು ಅದುಮಿದರೆ ಕತೆ ಮುಗಿಯುತ್ತದಲ್ಲ ಎಂದು ವನಜಾಕ್ಷಿ ಸೂಚಿಸಿದರು. ಅದುಮುವವರು ಯಾರು? ಅದು ಒಬ್ಬ ಖಾತೆದಾರನ ಪ್ರಾಣ ತೆಗೆದಂತೆ, ಉಪ ತಹಶೀಲ್ದಾರರಿಗೆ ಅಷ್ಟು ಅಧಿಕಾರವಿಲ್ಲ. "ಹೌದು" ಅದುಮಿದರೆ ಹೊಸ ದೇಹ ಬರುತ್ತದೆ, ಅದಕ್ಕೆ ರೇಷನ್ ಕಾರ್ಡು ಕೊಡಬೇಕಾಗುತ್ತದೆ. ಮೇಲಿನವರಿಗೆ ಬರೆದೆವು. "ನಿಯಮಾನುಸಾರ ಕ್ರಮ ಕೈಗೊಳ್ಳಿ" ಎಂದು ಉತ್ತರ ಬಂತು. ಆದ್ದರಿಂದ ಸ್ವತಃ ಬೋರಯ್ಯನವರಿಗೇ ವಿಚಾರಣೆಗೆ ಹಾಜರಾಗುವಂತೆ ನೋಟಿಸು ಬರೆದು, ಕಂಪ್ಯೂಟರಿನ ಹಿಂಬದಿಗೆ ಗೋಂದು ಹಚ್ಚಿ ಅಂಟಿಸಿ, ಇಬ್ಬರು ಪಂಚರ ಸಹಿ ಪಡೆದೆವು.

ವಿಚಾರಣೆ ದಿನ ಚಿಕ್ಕಗೌರಮ್ಮನಿಗೆ ಗಂಡನೊಂದಿಗೆ ಮಾತಾಡಲು ಐದು ನಿಮಿಷ ಅವಕಾಶ ಕೊಟ್ಟೆವು. ಆಕೆ ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಇವ್ರೇ, ನಿಜವಾಗ್ಲೂ ಒಳಗಿದೀರಾ ನೀವು? ಇದ್ರೆ ಒಂದ್ ಮಾತ್ ಆಡ್ರೀ. ಇಲ್ಲ ಅಂದ್ರೆ ಸತ್ತೋಗಿದೀನಿ ಅಂತನಾದ್ರೂ ಇವ್ರಿಗೆ ಹೇಳ್ರೀ. ಮೂವತ್ತೊಂದು ವರ್ಸ ಬಾಳ್ವೆ ಮಾಡಿದೀನಿ, ಅಷ್ಟೂ ಉಪಕಾರ ಮಾಡಾಕಿಲ್ವಾ?" ಅಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. "ಪ್ರತಿವಾದಿ ಹಾಜರಿದ್ದು ಮೌನವಾಗಿದ್ದರು" ಎಂದು ಬರೆದುಕೊಂಡೆ.

ಈ ನಡುವೆ ಲಕ್ಕಯ್ಯ ಒಂದು ಅರ್ಜಿ ಹಾಕಿದರು. "ನಮ್ಮಣ್ಣ ಬದುಕವ್ನೆ ಅಂತ ಗೌರ್ಮೆಂಟೇ ಹೇಳ್ತೈತೆ. ಅವನಿಗೆ ಕೈಕಾಲಿಲ್ಲ ಅಷ್ಟೇಯ. ಅವನ ಯೋಗಕ್ಷೇಮ ನೋಡ್ಕಳಾಕೆ ತಮ್ಮ ನಾನಿದೀನಿ," ಎಂಬುದು ಅದರ ಸಾರಾಂಶ. ಅರ್ಜಿಯ ಜೊತೆ ಒಂದು ಮೂಟೆ ಉಂಡೆಕೊಬ್ಬರಿ ಲಗತ್ತಿಸಿದ್ದರು. ಸಾಹೇಬರು ಅದನ್ನು ಪರಿಶೀಲನೆಗಾಗಿ ಮನೆಗೆ ಒಯ್ದರು.

ಆ ಪರಿಶೀಲನೆಯಿಂದಲೇ ದಾರಿ ಹೊಳೆದದ್ದು. ಸಾಹೇಬರೂ ತೆಂಗು ಬೆಳೆಗಾರರೇ. ಮಾರನೆ ದಿನ ಬಂದವರೇ ನನ್ನನ್ನು ಕೇಳಿದರು: "ಕಾಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ ಮೋಹನ್ ಕುಮಾರ್?"

"ಅಟ್ಟದ ಮೇಲೆ ಹನ್ನೊಂದು ತಿಂಗಳು ಇಟ್ಟು, ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡ್ತೀವಿ ಸಾರ್. ಲೊಡಲೊಡ ಅಂದ್ರೆ ಬಿಟ್ಟೈತೆ ಅಂತ."

"ಮನಸ್ಸು ದೇಹ ಬಿಟ್ಟಿದೆಯೋ ಇಲ್ವೋ ನೋಡೋಕೆ ಇನ್ನೇನು ಬೇಕು ಹೇಳಿ!"

ಅಂದೇ ಆದೇಶವಾಯಿತು. ಕಂಪ್ಯೂಟರಿನ ಡಬ್ಬವನ್ನು ಕಚೇರಿಯ ಅಟ್ಟಕ್ಕೆ ಏರಿಸಿ, ಕೆಳಗೆ ತೆಳುವಾಗಿ ಹೊಗೆ ಹಾಕಿಸಿದೆವು. ಅಷ್ಟು ಕಾಲ ಪಹಣಿ, ಜಾತಿ, ಆದಾಯ, ಯಾವ ಪತ್ರವೂ ಸಿಗುವುದಿಲ್ಲ ಎಂದು ಬಾಗಿಲಿಗೆ ಪ್ರಕಟಣೆ ಅಂಟಿಸಿದೆವು. ಸಾರ್ವಜನಿಕರು ಸಹಕರಿಸಿದರು. ಕಾಯಿ ಕೊಬ್ಬರಿಯಾಗುವ ತನಕ ಕಾಯುವುದು ನಮ್ಮ ಸೀಮೆಯವರಿಗೆ ಹೊಸದಲ್ಲ. ಹನ್ನೊಂದು ತಿಂಗಳೂ ಚಿಕ್ಕಗೌರಮ್ಮ ವಾರಕ್ಕೊಮ್ಮೆ ಬಂದು, ಗಂಡ ಕೂರುತ್ತಿದ್ದ ಬೆಂಚಿನ ಮೇಲೆ ಕೂತು, ಅಟ್ಟ ನೋಡಿಕೊಂಡು ಹೋಗುತ್ತಿದ್ದರು. ತೋಟದಲ್ಲಿ ಬಿದ್ದ ಕಾಯಿ ಮುಟ್ಟಲು ಲಕ್ಕಯ್ಯ ಬಿಡುತ್ತಿರಲಿಲ್ಲ.

ಅವಧಿ ಮುಗಿದ ದಿನ ಡಬ್ಬ ಇಳಿಸಿದೆವು. ಸಾಹೇಬರು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಹೊಗೆಗೆ ಒಳಗಿನ ಸ್ಕ್ರೂಗಳು ಸಡಿಲಾಗಿವೆ ಎಂದು ವನಜಾಕ್ಷಿ ಏನೋ ಹೇಳಲು ಬಂದರು. ಗುತ್ತಿಗೆ ನೌಕರರ ಅಭಿಪ್ರಾಯ ಪಡೆಯಲು ಅವಕಾಶವಿಲ್ಲ.

"ಲೊಡಲೊಡ ಅಂತೈತೆ," ಎಂದು ಸಾಹೇಬರು ಘೋಷಿಸಿದರು. ಪಂಚರೂ ಒಬ್ಬೊಬ್ಬರಾಗಿ ಅಲ್ಲಾಡಿಸಿ ಒಪ್ಪಿದರು.

ಆದೇಶ ಇಂತಿದೆ: "ಮನಸ್ಸು ದೇಹವನ್ನು ಬಿಟ್ಟಿರುವುದು ರುಜುವಾತಾಗಿದೆ. ದೇಹದ ಮಟ್ಟಿಗೆ ಶ್ರೀ ಬೋರಯ್ಯನವರು ಮೃತರು, ಮನಸ್ಸಿನ ಮಟ್ಟಿಗೆ ಹಯಾತಿಯಲ್ಲಿದ್ದಾರೆ. ಆದ್ದರಿಂದ ಅರೆ ಮರಣ ಪ್ರಮಾಣಪತ್ರ ನೀಡಲಾಗಿದೆ. ದೇಹದ ವಾರಸುದಾರರಾದ ಪತ್ನಿಗೆ ತೋಟದ ಸೋಗೆ, ಮಟ್ಟೆ ಮತ್ತು ಚಿಪ್ಪು ಸಲ್ಲತಕ್ಕದ್ದು. ಕೊಬ್ಬರಿಯು ಒಳಗಿನ ವಸ್ತುವಾದುದರಿಂದ ಮನಸ್ಸಿಗೆ ಸೇರಿದ್ದಾಗಿದ್ದು, ಮನಸ್ಸಿನ ಪಾಲಕರಾದ ಸಹೋದರ ಲಕ್ಕಯ್ಯನವರ ಸ್ವಾಧೀನಕ್ಕೆ ಕೊಡತಕ್ಕದ್ದು."

ಚಿಕ್ಕಗೌರಮ್ಮ ಓದಿಸಿ ಕೇಳಿದರು. ಮುಖ ಕೆಂಪಾಯಿತು. "ಮಟ್ಟೆ ಸುಟ್ಟು ನೀರ್ ಕಾಯ್ಸಕಳದಾ ನಾನು? ನೀವೆಲ್ಲ ಹೊಟ್ಟೆಗೆ ಅನ್ನ ತಿಂತೀರೇನ್ರೋ? ಅರ್ಧ ಸತ್ತವ್ರೆ ಅಂತ ಬರ್ದಿದೀರಲ್ಲ, ಹಂಗಾರೆ ನಾನು ಮುಂಡೆಯೋ ಮುತ್ತೈದೆಯೋ, ಅದನ್ನೂ ಬರ್ದು ಸೀಲ್ ಹೊಡ್ದುಕೊಡಿ!"

ಕೂಗಾಟವನ್ನು ನಾವು ತಪ್ಪು ತಿಳಿಯಲಿಲ್ಲ. ಅದನ್ನು ಮೌಖಿಕ ಅರ್ಜಿ ಎಂದು ಪರಿಗಣಿಸಿ ಅಂದೇ ಸಂಜೆಯೊಳಗೆ ಸ್ಪಷ್ಟೀಕರಣ ಹೊರಡಿಸಿದೆವು: "ಅರ್ಜಿದಾರರು ಎಡಗೈ ಬರಿದಾಗಿ ಇಟ್ಟುಕೊಂಡು, ಬಲಗೈಗೆ ಮಾತ್ರ ಬಳೆ ತೊಡಬಹುದು." ನನ್ನ ಸರ್ವಿಸ್ಸಿನಲ್ಲಿ ಅದೇ ದಿನ ವಿಲೇವಾರಿಯಾದ ಅರ್ಜಿ ಅದೊಂದೇ. ಆಕೆ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಹೋದರು. ತಕರಾರಿಲ್ಲ ಎಂದು ಬರೆದುಕೊಂಡೆ.

ಅರೆ ಮರಣದ ಫಾರಂಗಳನ್ನು ಐದು ಸಾವಿರ ಅಚ್ಚು ಹಾಕಿಸಿದ್ದರಿಂದ, ಅವು ಖರ್ಚಾಗುವ ತನಕ ನಮ್ಮ ಹೋಬಳಿಯಲ್ಲಿ ತೀರಿಕೊಂಡ ಎಲ್ಲರಿಗೂ ಅದನ್ನೇ ಕೊಡಲು ತೀರ್ಮಾನವಾಯಿತು. ಆ ಆಗಸ್ಟಿನಲ್ಲಿ ಬೋರಯ್ಯನವರಿಗಿಂತ ಮುಂಚೆ ಸತ್ತ ಇಬ್ಬರಿಗೂ ತಿದ್ದುಪಡಿ ಮಾಡಿಕೊಟ್ಟೆವು. ಮೊದಮೊದಲು ಒಂದಿಬ್ಬರು ಗೊಣಗಿದರು, ಆಮೇಲೆ ಅಣ್ಣತಮ್ಮಂದಿರೇ ಸಾಲಾಗಿ ನಿಂತು ಕೇಳಿ ಪಡೆಯತೊಡಗಿದರು.

ಮೊನ್ನೆ ನನ್ನ ಹೆಂಡತಿಗೆ ಬಳೆ ತರಲು ತುರುವೇಕೆರೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯ ನಿಂಗಮ್ಮ ಅರ್ಧ ಡಜನ್ನಿನ ಸಣ್ಣ ಸಣ್ಣ ಕಟ್ಟುಗಳನ್ನು ಬೇರೆಯಾಗಿ ಜೋಡಿಸಿಟ್ಟಿದ್ದರು. ನನ್ನ ಮುಖ ನೋಡಿ, "ಹೊಂಗೆಕೆರೆ ಕಡೆಯೋರಾ ಸಾರ್?" ಅಂದರು. ಹೌದು ಅಂದೆ. "ಒಂದು ಕೈಗೋ, ಎರಡು ಕೈಗೋ?" ಎಂದು ಕೇಳಿದರು.