ಇದ್ದದ್ದು ಇದ್ದ ಹಾಗೆ

ನಕ್ಷೆಗಾರನ ಗ್ರಹಚಾರ ಶುರುವಾದದ್ದು ಯಜಮಾನರ ಭಾವಮೈದುನನ ಆತುರದಿಂದ. ಕಚೇರಿಗೆ ಹೊಸ ಕಂಪ್ಯೂಟರ್ ಬಂದದ್ದೇ ತಡ, ಹಳೆಯದನ್ನು ತನ್ನ ಅಂಗಡಿಗೆ ಒಯ್ಯಲು ಅವನು ಬೆಳಿಗ್ಗೆಯೇ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟ.

"ನಕ್ಷೆಗಳನ್ನೆಲ್ಲ ಹೊಸದಕ್ಕೆ ಹಾಕಿ, ಹಳೇದನ್ನ ಒರೆಸಿ ಇವನಿಗೆ ಕೊಟ್ಬಿಡಪ್ಪ" ಎಂದರು ಯಜಮಾನರು. "ಒಂದು ನಕ್ಷೆ ಕಳೆದ್ರೂ ನಾಳೆಯಿಂದ ನೀನು ಬರೋದು ಬೇಡ."

ನಕ್ಷೆಗಳಿದ್ದದ್ದು ಡಿ ಡ್ರೈವ್‌ನಲ್ಲಿ. ಕಚೇರಿಯವರೆಲ್ಲ ಅದನ್ನು ಧರ್ಮಛತ್ರ ಮಾಡಿಕೊಂಡು ಹಾಡು, ಮಕ್ಕಳ ಫೋಟೊ ತುರುಕುತ್ತಿದ್ದರೆಂದು ನಕ್ಷೆಗಾರ ಯಾವ ಕಾಲದಲ್ಲೋ ಅದಕ್ಕೆ ಪಾಸ್‌ವರ್ಡಿನ ಬೀಗ ಜಡಿದಿದ್ದ. ಆ ಮುದಿ ಕಂಪ್ಯೂಟರು ಪಾಸ್‌ವರ್ಡನ್ನು ತಾನೇ ನೆನಪಿಟ್ಟುಕೊಂಡು ದಿನವೂ ಬಾಗಿಲು ತೆರೆಯುತ್ತಿದ್ದುದರಿಂದ ಬೀಗವಿದೆಯೆಂಬುದೇ ಅವನಿಗೆ ಮರೆತಿತ್ತು.

ಒಂದೊಂದೇ ಫೈಲ್ ಆರಿಸಿದರೆ ಏನಾದರೂ ಬಿಟ್ಟುಹೋದೀತೆಂದು ಹೆದರಿ, ಡ್ರೈವನ್ನೇ ಇಡಿಯಾಗಿ, ಇದ್ದದ್ದು ಇದ್ದ ಹಾಗೆ ನಕಲಿಳಿಸುವ ಸಾಫ್ಟ್‌ವೇರ್ ಹಚ್ಚಿ, ಎರಡರ ನಡುವೆ ಕೇಬಲ್ ಎಳೆದ.

"ಎಲ್ಲಿಂದ ಎಲ್ಲಿಗೆ ಅಂತ ಸರಿಯಾಗಿ ನೋಡಿದ್ಯೇನೋ?" ಪಕ್ಕದ ಮೇಜಿನ ಕ್ಯಾಷಿಯರಮ್ಮ ಬಗ್ಗಿ ನೋಡಿದರು. "ನಮ್ಮಣ್ಣ ಉಲ್ಟಾ ಮಾಡಿ, ಖಾಲೀದನ್ನ ತುಂಬಿದ್ದರ ಮೇಲೆ ನಕಲು ಮಾಡ್ಬಿಟ್ಟಿದ್ದ. ಊಟಾನೇ ಬಿಟ್ಟಿದ್ದ ಪಾಪ."

ನಕ್ಷೆಗಾರ ನಿಲ್ಲಿಸಿ, ನೋಡಿ, ಮತ್ತೆ ಮೊದಲಿನಿಂದ ಹಚ್ಚಿದ. ಅರ್ಧವಾಗಿತ್ತು, ಭಾವಮೈದುನ ಕೇಬಲ್ ಎಡವಿ ಕಿತ್ತ. "ಅಯ್ಯೋ, ಹಾವು ಅಂದ್ಕೊಂಡೆ!" ನಕ್ಷೆಗಾರ ಮತ್ತೆ ಹಚ್ಚಿದ. ಮುಕ್ಕಾಲಾಗಿತ್ತು, ಕ್ಯಾಷಿಯರಮ್ಮ ಪ್ಲಗ್ ಕಿತ್ತು ಕೆಟಲ್ ಸಿಕ್ಕಿಸಿದರು. "ಒಂಚೂರು ನೀರು ಕಾಯಿಸ್ಕೋತೀನಿ ಕಣೋ."

ಅವನಿಗೆ ಅಳುವೇ ಬಂತು. ಈ ಕೆಲಸ ಹೋದರೆ ಹೆಂಡತಿಗೆ ಯಾವ ಮುಖ ತೋರಿಸುವುದು? ಊಟಕ್ಕೂ ಏಳದೆ, ಪ್ಲಗ್ಗಿನ ಮೇಲೆ ಕೈಯಿಟ್ಟು, ಕಾವಿಗೆ ಕೂತ ಕೋಳಿಯಂತೆ ಕೂತ.

ಸಂಜೆಗೆ ಪರದೆಯ ಮೇಲೆ ಮೂಡಿತು: ನಕಲು ಮುಗಿದಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಇನ್ನೂ ಎಷ್ಟೊತ್ತು ಮಾರಾಯಾ?" ಎಂದ ಭಾವಮೈದುನ. ನಕ್ಷೆಗಾರ ಹಳೆಯದನ್ನು ಒಳಗೇನೂ ಉಳಿಯದಂತೆ ಒರೆಸಿ ಕೈಗಿತ್ತ. ಅವನು ಅದನ್ನು ಹೊತ್ತು ನಡೆದೇಬಿಟ್ಟ.

"ಎಲ್ಲಿ, ತೆಗಿ ನೋಡೋಣ" ಎನ್ನುತ್ತ ಯಜಮಾನರು ಬಂದರು. ನಕ್ಷೆಗಾರ ಗತ್ತಿನಿಂದ ಡಿ ಡ್ರೈವ್ ಒತ್ತಿದ. ಬೀಗದ ಚಿತ್ರವೊಂದು ಎದ್ದು ಪಾಸ್‌ವರ್ಡ್ ಕೇಳಿತು. ಇದ್ದದ್ದು ಇದ್ದ ಹಾಗೆ ಬಂದಿತ್ತು, ಬೀಗವೂ ಸೇರಿ. ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿದ್ದ ಮುದಿ ಕಂಪ್ಯೂಟರಿನ ತಲೆಯನ್ನು ಅವನೇ ಒರೆಸಿ ಕಳಿಸಿದ್ದ.

"ಹಾಕೋ ಪಾಸ್‌ವರ್ಡು" ಎಂದರು ಯಜಮಾನರು.

ನಕ್ಷೆಗಾರನಿಗೆ ಒಂದಕ್ಷರವೂ ನೆನಪಾಗಲಿಲ್ಲ.

"ಎಲ್ಲಾದ್ರೂ ಬರೆದಿಟ್ಟಿದ್ದೀಯೇನೋ?" ಎಂದರು ಕ್ಯಾಷಿಯರಮ್ಮ.

"ಬರೆದಿಟ್ಟಿದ್ದೀನಕ್ಕ."

"ಸದ್ಯ, ಬದುಕಿದೆ! ಎಲ್ಲಿ?"

"ಕಾಗದದಲ್ಲಿ ಬರೆದ್ರೆ ನೀವೆಲ್ಲ ನೋಡ್ಬಿಡ್ತೀರ ಅಂತ..." ನಕ್ಷೆಗಾರ ಬೆರಳಿನಿಂದ ಪರದೆಯ ಮೇಲಿನ ಬೀಗ ತೋರಿಸಿದ. "ಇದರೊಳಗೇ ಇಟ್ಟಿದ್ದೀನಿ. ಭದ್ರವಾಗಿದೆ ಅಕ್ಕ."