ಬಾಯಿ ಹೊಲಿದ ಸಿಂಹ

ವಕೀಲನಿಗೆ ಕಾನೂನು ಅಷ್ಟಾಗಿ ಬರದಿದ್ದರೂ ನಡೆಯುತ್ತದೆ, ಗತ್ತು ಬೇಕು. ನನ್ನ ದುರದೃಷ್ಟಕ್ಕೆ ನನ್ನ ಬಳಿ ಕಾನೂನು ಮಾತ್ರ ಇತ್ತು. ಲಿಂಗಸೂಗೂರಿನಲ್ಲಿ ಬೋರ್ಡು ತಗುಲಿಸಿ ಕುಳಿತ ಹೊಸದರಲ್ಲಿ, ನನ್ನ ಕುಳ್ಳು ದೇಹವನ್ನೂ ಕೀರಲು ದನಿಯನ್ನೂ ಕಂಡ ಜನ, "ವಕೀಲ್ ಸಾಹೇಬ್ರು ಯಾವಾಗ ಬರ್ತಾರ್ರೀ?" ಎಂದು ನನ್ನನ್ನೇ ಕೇಳುತ್ತಿದ್ದರು. "ಇನ್ನೊಂದು ತಾಸಿಗೆ" ಎಂದು ನಾನೂ ಒಮ್ಮೊಮ್ಮೆ ಹೇಳಿ ಕಳಿಸಿದ್ದುಂಟು.

ಆಗಷ್ಟೇ ಜಾಗೀರುಗಳು ರದ್ದಾಗಿದ್ದವು. ಸಿಂಧನೂರು ಕಡೆಯ ಜಾಗೀರದಾರರೊಬ್ಬರು ಮನೆಯ ಸಾಮಾನು ಮಾರಿ ಹೈದರಾಬಾದಿಗೆ ಹೊರಟಿದ್ದರು. ಅದರಲ್ಲಿ ಅವರೇ ಆಫ್ರಿಕಾದಲ್ಲಿ ಹೊಡೆದ ಸಿಂಹದ ತಲೆಯೊಂದಿತ್ತು. ಒಳಗೆ ಹುಲ್ಲು ತುಂಬಿ, ಹಲಗೆಗೆ ಬಡಿದು, ಬಾಯಿ ಅಷ್ಟಗಲ ತೆರೆದಿಟ್ಟದ್ದು. ನನ್ನ ಪರವಾಗಿ ಗರ್ಜಿಸಲು ಒಬ್ಬರು ಸಿಕ್ಕರಲ್ಲ ಎಂದು ಹಿಗ್ಗಿ, ಕೊಂಡು ತಂದು, ನಮ್ಮ ಮನೆಯ ಪಡಸಾಲೆಯಲ್ಲೇ ಇದ್ದ ಆಫೀಸಿನ ಗೋಡೆಗೆ ತೂಗುಹಾಕಿದೆ. ಸಿಂಹವನ್ನು ಹೊಡೆಯುವಾಗ ತೋರಿದ ಶ್ರದ್ಧೆಯನ್ನು ಚರ್ಮ ಹದಮಾಡುವಾಗ ಯಾರೂ ತೋರಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಬಿಸಿಲಿಗೆ ತುಟಿ ಬಿರಿಯಿತು, ಮಳೆಗೆ ವಾಸನೆ ಎದ್ದಿತು, ಕೇಸರ ಮುಟ್ಟಿದರೆ ಕೈಗೇ ಬಂತು. ಒಂದು ಗಾಜಿನ ಕಣ್ಣು ಉದುರಿ ಮಸಿಕುಡಿಕೆಯಲ್ಲಿ ಬಿತ್ತು. ಕೊನೆಗೆ ತೆರೆದ ಬಾಯಲ್ಲಿ ಇಲಿ ಮರಿ ಹಾಕಿತು. ಗರ್ಜಿಸಬೇಕಾದ ಗಂಟಲಿನಿಂದ ಚಿಂವ್ ಚಿಂವ್ ಎಂದು ಥೇಟು ನನ್ನದೇ ದನಿ ಹೊರಡತೊಡಗಿತು.

ಮಸ್ಕಿಯಲ್ಲಿ ಕುದುರೆಯ ಜೀನು ಹೊಲಿಯುವ ಹನುಮಪ್ಪನಿಗೆ ರಿಪೇರಿಗೆ ಕೊಟ್ಟೆ. "ಬಾಯಿ ತಗದಿಟ್ರ ಇಲಿ ಬರಲಾರ್ದ ಇರ್ತಾವೇನ್ರೀ?" ಎಂದು ಅವನು ದಪ್ಪ ದಾರದಿಂದ ಬಾಯಿಯನ್ನೇ ಹೊಲಿದುಬಿಟ್ಟ. ಹೋದ ಕಣ್ಣಿಗೆ ಸೋಡಾ ಬಾಟಲಿಯ ಗೋಲಿ ಕೂಡಿಸಿದ. ದಾರ ಜಗ್ಗಿದ್ದಕ್ಕೆ ತುಟಿಯ ತುದಿಗಳು ಕೆಳಗಿಳಿದು, ಸಿಂಹ ಈಗ ಯಾರದೋ ಸಂಕಟ ಕೇಳಿ ಮರುಗುವ ಅಜ್ಜನಂತೆ ಕಾಣುತ್ತಿತ್ತು.

ನನ್ನ ಹೆಂಡತಿ ನೀಲಮ್ಮ ಮೊದಲಿಂದಲೂ ಅದನ್ನು ಸಹಿಸಿರಲಿಲ್ಲ.

"ಶಿವ ಹುಲಿ ಚರ್ಮದ ಮ್ಯಾಲ ಕುಂತಾನ, ಖರೇ. ಅದರ ತಲಿ ತಂದು ಗ್ವಾಡಿಗೆ ಬಡದಿಲ್ಲ. ಇಟ್ಗೋತೀನಂದ್ರ ಇಟ್ಗೋರಿ. ಆದ್ರ ವಿಭೂತಿ ಇಲ್ಲದ ಮಾರಿ ನಮ್ಮ ಮನ್ಯಾಗ ಇರಂಗಿಲ್ಲ."

ಎಂದವಳೇ ಸ್ಟೂಲು ಹತ್ತಿ, ಅದರ ಹಣೆಗೆ ಮೂರು ಬೆರಳು ಎಳೆದೇಬಿಟ್ಟಳು.

ಅಷ್ಟರಲ್ಲಿ ನನಗೆ ಮೊದಲ ದೊಡ್ಡ ಕೇಸು ಸಿಕ್ಕಿತು. ಹೊಲದ ಬದು ಒತ್ತಿದನೆಂದು ಬಸಣ್ಣ ತನ್ನ ತಮ್ಮನ ಮೇಲೆ ಹೂಡಲಿದ್ದ ದಾವೆ. ರಾಯಚೂರಿನ ಅಪೀಲಿನವರೆಗೂ ಎಳೆಯಬಹುದಾದ ಬಂಗಾರದಂಥ ಕೇಸು. ಅದು ಕೈತಪ್ಪಿದರೆ ಬೋರ್ಡು ಬಿಚ್ಚುವುದೊಂದೇ ದಾರಿ. ಬಸಣ್ಣ ಒಳಗೆ ಬಂದವನು ವಿಭೂತಿ ಕಂಡು ಕೈಮುಗಿದ. ತನ್ನ ತಕರಾರನ್ನೆಲ್ಲ ನನಗೆ ಬೆನ್ನುಮಾಡಿ ಆ ಸಿಂಹಕ್ಕೇ ಹೇಳಿದ. ಮರುವಾರ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ಬದು ಒತ್ತಿಲ್ಲಂತ ಇದರ ಮುಂದ ಆಣಿ ಮಾಡಲೇ, ನೋಡಾಮು!"

ತಮ್ಮ ಆ ಗೋಲಿಗಣ್ಣನ್ನು ನೋಡಿದ.

"ಒತ್ತೀನಿ ಯಣ್ಣಾ. ನೀನೂ ಮ್ಯಾಲಿನ ಕಡಿ ಒತ್ತಿದ್ದಿ."

ಬಸಣ್ಣ ತಲೆ ತಗ್ಗಿಸಿದ. ಕೇಸು ಕಣ್ಣೆದುರೇ ಕರಗುತ್ತಿರುವುದು ಕಂಡು ನಾನು ಕಿರುಚಿದೆ: "ಅಪ್ಪಾ, ಇದು ದೇವರಲ್ಲ, ಆಫ್ರಿಕಾದ ಪ್ರಾಣಿ! ಒಳಗೆ ಬರೀ ಹುಲ್ಲು!"

"ಹಂಗನಬ್ಯಾಡ್ರೀ ವಕೀಲ್ರ, ಅದು ಕೇಳಾಕತ್ತೈತಿ" ಎಂದು ಇಬ್ಬರೂ ನನ್ನನ್ನೇ ಗದರಿದರು. ಹೊಸ್ತಿಲ ಹೊರಗೆ ಕಾಯಿ ಒಡೆದು, ನನಗೂ ಒಂದು ಚೂರು ಕೊಟ್ಟು, ಒಂದೇ ಬಂಡಿಯಲ್ಲಿ ಊರಿಗೆ ಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಕಿತ್ತು ಹಳ್ಳಕ್ಕೆ ಎಸೆಯುವುದೆಂದು ಸ್ಟೂಲು ಹತ್ತಿದೆ. ಎಸೆಯುವ ಮುಂಚೆ ನಾಲ್ಕು ಮಾತು ಅಂದುಬಿಡೋಣವೆಂದು ಶುರುಮಾಡಿದೆ: ನಡೆಯದ ವಕೀಲಿ, ನಗುವ ಜನ, ನನ್ನ ದನಿ, ಬರಲಿರುವ ದಿನಗಳ ಭಯ. ಕೋರ್ಟಿನಲ್ಲಾಗಲಿ ಮನೆಯಲ್ಲಾಗಲಿ ನನ್ನ ಮಾತನ್ನು ಯಾರೂ ಅಷ್ಟು ಹೊತ್ತು ನಡುವೆ ಬಾಯಿ ಹಾಕದೆ ಕೇಳಿದ್ದಿಲ್ಲ.

"ಕೆಳಗಿಳೀರಿ, ಊಟಕ್ಕ ಹೊತ್ತಾತು" ಎಂದಳು ನೀಲಮ್ಮ. ಇಳಿಯಲು ಗೋಡೆ ಹಿಡಿಯಬೇಕೆಂದಾಗಲೇ ಗೊತ್ತಾದದ್ದು, ನನ್ನ ಎರಡೂ ಕೈ ಮುಗಿದಿದ್ದವು.